ಚೆಂಡೇ ಕಸುಬಾದ ಬೆಂಗಳೂರಿನ ಅಹ್ಮದ್ ಖಾನ್

ಇತಿಹಾಸದ ಲೇಖನವೊಂದನ್ನು ಬರೆದುಕೊಡಿ ಎಂದರೆ ನಮ್ಮಲ್ಲಿ ಹೆಚ್ಚಿನವರ ಲೇಖನಿ ಹೈದರಾಲಿ, ಟಿಪ್ಪು ಸುಲ್ತಾನ್, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಇವರ ಕಡೆಗೇ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಸಿಂಹಾಸನವೂ ದಿವಾನಗಿರಿಯೂ ಇಲ್ಲದ ಜನರಿಗೂ ಒಂದು ಇತಿಹಾಸವಿದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರರ ಮಕ್ಕಳು, ಚಿಂತಾಮಣಿಯ ದರ್ಜಿಗಳ ಮಕ್ಕಳು, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಗ್ಯಾರೇಜು, ತಳ್ಳುಗಾಡಿ, ಮಂಡಿ ವ್ಯಾಪಾರದ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆ ಮಕ್ಕಳಿಗೆ ಸುಲ್ತಾನರ ಕಥೆ ಹೇಳಿದಾಗ ಹೆಮ್ಮೆಯಾಗುತ್ತದೆ, ನಿಜ. ಆದರೆ ಅದು ತಮ್ಮ ಮನೆಯ ಕಥೆ ಎಂದು ಅವರಿಗೆ ಅನ್ನಿಸುವುದಿಲ್ಲ. ಆದುದರಿಂದ ಈ ಬಾರಿ ನಮ್ಮ ಊರುಗಳಿಂದ ಒಂದೂವರೆ ಎರಡು ಗಂಟೆಯ ಬಸ್ ದಾರಿಯಲ್ಲಿರುವ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಕಣ್ಣು ಮುಚ್ಚಿದ ಒಬ್ಬ ಕಾಲ್ಚೆಂಡು ಆಟಗಾರರ ವಿಷಯ ಬರೆಯಲು ಇಚ್ಛಿಸುತ್ತೇನೆ.

ಅವರೇ ಮರ್ಹೂಮ್ ಜನಾಬ್ ಅಹ್ಮದ್ ಖಾನ್. ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ನಿಧನರಾದದ್ದು 2017ರ ಆಗಸ್ಟ್ 27ರಂದು. ತೊಂಬತ್ತು ವರ್ಷದ ತುಂಬು ಜೀವನ. ಭಾರತದ ಪರವಾಗಿ 1948ರ ಲಂಡನ್ ಒಲಿಂಪಿಕ್ಸ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಆಡಿದವರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಸದಸ್ಯರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಹತ್ತು ವರ್ಷ ಆಡಿ, ಲಕ್ಷಾಂತರ ಬಂಗಾಳಿಗಳ ಕಣ್ಮಣಿಯಾದವರು. ಇಷ್ಟಿದ್ದೂ ನಮ್ಮ ಜಿಲ್ಲೆಯ ಯಾವುದೇ ಶಾಲೆಯಲ್ಲಿ ಅವರ ಹೆಸರು ಕೇಳಿದರೆ ಹತ್ತರಲ್ಲಿ ಒಂಬತ್ತು ಮಕ್ಕಳು ತಲೆ ಅಲ್ಲಾಡಿಸುತ್ತಾರೆ. ಮಕ್ಕಳದೇನು ತಪ್ಪು? ಹೇಳಿಕೊಟ್ಟವರು ಯಾರು?

ಮೊದಲಿಗೆ ಒಂದು ಪದದ ವಿಚಾರ. ಉರ್ದುವನ್ನೂ ಕನ್ನಡವನ್ನೂ ಪಾಠ ಮಾಡುವವನಿಗೆ ಪದಗಳ ಹಿಂದೆ ಹೋಗುವ ಚಟ ಇದ್ದೇ ಇರುತ್ತದೆ. ಇಂಗ್ಲಿಷಿನ ‘ಪ್ರೊಫೆಷನಲ್’ ಎಂಬುದಕ್ಕೆ ಕನ್ನಡದಲ್ಲಿ ‘ವೃತ್ತಿಪರ’ ಎನ್ನುತ್ತೇವೆ. ಬಹಳ ಗಂಭೀರವಾದ ಪದ, ವಕೀಲರಿಗೆ ವೈದ್ಯರಿಗೆ ಒಪ್ಪುವಂಥದು. ಉರ್ದುವಿನಲ್ಲಿ ‘ಪೇಶಾವರ್’ ಎನ್ನುತ್ತಾರೆ. ಪೇಶಾ ಎಂದರೆ ಕಸುಬು. ಕುಂಬಾರನದೂ ಪೇಶಾ, ದರ್ಜಿಯದೂ ಪೇಶಾ. ಇನ್ನು ಕನ್ನಡಿಗರೆಲ್ಲರ ಬಾಯಲ್ಲಿರುವ ‘ಕಸುಬು’ ಎಂಬ ಪದ ಎಲ್ಲಿಂದ ಬಂತು? ಅರಬ್ಬಿಯ ‘ಕಸ್ಬ್’ ಎಂಬುದರಿಂದ. ಅದರ ಅರ್ಥ ದುಡಿದು ಸಂಪಾದಿಸುವುದು ಎಂದು. ಒಟ್ಟಿನಲ್ಲಿ ವೃತ್ತಿಪರ ಆಟಗಾರನೆಂದರೆ ಆಟವನ್ನೇ ಕಸುಬಾಗಿ ಮಾಡಿಕೊಂಡು ಅದರಿಂದ ಅನ್ನ ತಿನ್ನುವವನು ಎಂದಾಯಿತು. ಇಂದು ಇದು ಹೆಮ್ಮೆಯ ಮಾತು. ಒಂದು ಕಾಲದಲ್ಲಿ ಇದು ಬೈಗುಳವಾಗಿತ್ತು!

ಕಾಲ್ಚೆಂಡಿನ ನಿಯಮಗಳನ್ನು ಬರೆದದ್ದು ಇಂಗ್ಲೆಂಡಿನ ಸಿರಿವಂತರ ಶಾಲೆಗಳಲ್ಲಿ ಓದಿದವರು. ಆಟವಾಡಿ ಹಣ ತೆಗೆದುಕೊಳ್ಳುವುದು ಅವರ ದೃಷ್ಟಿಯಲ್ಲಿ ನೀಚತನ. ಹಣ ಬೇಡ ಎನ್ನಲು ಅವರಿಗೇನು, ಮನೆಯಲ್ಲಿ ಹಣವಿತ್ತು. ಅಂಥ ಕಾಲದಲ್ಲಿ ಫರ್ಗಸ್ ಸೂಟರ್ ಎಂಬ ಗ್ಲಾಸ್ಗೊ ನಗರದ ಕಲ್ಲುಕುಟಿಗ ಯುವಕ 1878ರಲ್ಲಿ ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿನ ಹತ್ತಿ ಗಿರಣಿಗಳ ಪಟ್ಟಣವಾದ ಡಾರ್ವೆನ್‌ಗೆ ಬಂದ. ಕಲ್ಲು ಕೆತ್ತುವ ಕೆಲಸವನ್ನು ಕೆಲವೇ ದಿನಗಳಲ್ಲಿ ಬಿಟ್ಟ. ಕೇಳಿದರೆ, ಇಂಗ್ಲೆಂಡಿನ ಕಲ್ಲು ಬಹಳ ಗಟ್ಟಿ, ಕೈ ತೋಳು ಊದಿಕೊಳ್ಳುತ್ತದೆ ಎಂದ. (ನಂದಿ ಬೆಟ್ಟದ ಸುತ್ತಿನ ನಮ್ಮ ಕರಿಕಲ್ಲನ್ನು ಆತ ನೋಡಿರಲಿಲ್ಲ!) ಅಸಲಿಗೆ ಅವನು ಆಟಕ್ಕೆ ಹಣ ಪಡೆಯುತ್ತಿದ್ದಾನೆ ಎಂಬ ಗುಮಾನಿ ಎಲ್ಲರಿಗೂ ಇತ್ತು. ನಂತರ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡಕ್ಕೆ ಹೋಗಿ 1884, 1885, 1886 ಹೀಗೆ ಸತತ ಮೂರು ಸಲ ಇಂಗ್ಲೆಂಡಿನ ಎಫ್‌.ಎ. ಕಪ್ ಗೆದ್ದ. ಪ್ರಪಂಚದ ಮೊಟ್ಟಮೊದಲ ವೃತ್ತಿಪರ ಆಟಗಾರರಲ್ಲಿ ಒಬ್ಬನೆಂದು ಅವನನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಕೊನೆಗೆ 1885ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆ ಆಟಕ್ಕೆ ಸಂಬಳ ಕೊಡುವುದನ್ನು ಕಾನೂನುಬದ್ಧಗೊಳಿಸಿತು. ಗಿರಣಿಯವರು, ಕಲ್ಲುಕುಟಿಗರು, ಗಣಿ ಕಾರ್ಮಿಕರು ಆ ಬಾಗಿಲಿನಿಂದ ಒಳಗೆ ಬಂದರು.

ನಮ್ಮ ದೇಶದಲ್ಲಿ ಆ ಬಾಗಿಲು ತೆರೆಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಹ್ಮದ್ ಖಾನ್ ಸಾಹೇಬರ ಬದುಕು ನಡೆದದ್ದು ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ. ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಬೆಂಗಳೂರಿಗೆ ಕಾಲ್ಚೆಂಡು ಬಂದದ್ದು ದಂಡಿನ ಮೂಲಕ. 1809ರಲ್ಲಿ ಬ್ರಿಟಿಷರು ಇಲ್ಲಿ ಸೇನಾ ನೆಲೆ ಸ್ಥಾಪಿಸಿದರು. ದಂಡು ಪ್ರದೇಶ 1947ರ ಜುಲೈವರೆಗೆ ಮೈಸೂರು ಮಹಾರಾಜರ ಕೈಗೆ ಬರಲಿಲ್ಲ. ಅಲ್ಲಿದ್ದ ಗೋರಾ ಪಲ್ಟನ್ನುಗಳು ಸಂಜೆ ಹೊತ್ತು ಕವಾಯತು ಮೈದಾನಗಳಲ್ಲಿ ಚೆಂಡು ಆಡುತ್ತಿದ್ದವು. ದಂಡನ್ನು ನಂಬಿಕೊಂಡು ಬಂದು ನೆಲೆಸಿದ್ದ ಜನ ಹಲವು ತರದವರು. ತಮಿಳು ಮಾತಿನವರು, ತೆಲುಗು ಮಾತಿನವರು, ದಖ್ಖನಿ ಆಡುವ ಮುಸ್ಲಿಮರು. ಸೇನೆಗೆ ಸರಕು ಒದಗಿಸುವವರು, ಬಟ್ಟೆ ಹೊಲಿಯುವವರು, ಅಡುಗೆಯವರು, ಕುದುರೆ ನೋಡಿಕೊಳ್ಳುವವರು. ಇವರ ಮಕ್ಕಳು ಗೆರೆಯ ಹೊರಗೆ ನಿಂತು ನೋಡಿ ಆಟ ಕಲಿತರು. ಬೂಟು ಕೊಳ್ಳುವ ಶಕ್ತಿ ಇರಲಿಲ್ಲ, ಬರಿಗಾಲಿನಲ್ಲೇ ಆಡಿದರು. ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಅದೇ ಬೂಟು.

ಬರಿಗಾಲನ್ನು ಬಡತನದ ಗುರುತು ಎಂದಷ್ಟೇ ತಿಳಿಯಬಾರದು. ಒಣಗಿದ ಗಟ್ಟಿ ನೆಲದ ಮೇಲೆ ಬರಿಗಾಲಿಗೆ ಚೆಂಡಿನ ಸ್ಪರ್ಶ ಸಿಗುವಷ್ಟು ಬೂಟಿಗೆ ಸಿಗುವುದಿಲ್ಲ. ಹೆಬ್ಬೆರಳಿನಿಂದ ಚೆಂಡನ್ನು ತಡವಿ, ಹಿಮ್ಮಡಿಯಿಂದ ತಿರುಗಿಸಿ, ಬೂಟು ಹಾಕಿದ ದೊಡ್ಡ ಆಳು ಕಾಲೆತ್ತುವಷ್ಟರಲ್ಲಿ ಪಕ್ಕಕ್ಕೆ ಸರಿದುಬಿಡುವುದು, ಇದು ಒಂದು ವಿದ್ಯೆ. ಕಾದ ನೀರಿನಲ್ಲಿ ತೇಲುವ ರೇಷ್ಮೆ ಗೂಡಿನಿಂದ ಎಳೆಯ ತುದಿಯನ್ನು ಬೆರಳುಗಳಿಂದಲೇ ಹುಡುಕಿ ಎತ್ತುವುದನ್ನು ಶಿಡ್ಲಘಟ್ಟದವರು ನೋಡಿದ್ದೀರಿ. ಕಣ್ಣಿಗಿಂತ ಬೆರಳಿಗೆ ಅದು ಮೊದಲು ತಿಳಿಯುತ್ತದೆ. ಹಾಗೆಯೇ ಇದು. ಆದರೆ ಮಳೆ ಬಂದು ನೆಲ ಕೆಸರಾದರೆ, ತೊಗಲಿನ ಚೆಂಡು ನೀರು ಕುಡಿದು ಭಾರವಾದರೆ ಬರಿಗಾಲಿನವನು ಜಾರುತ್ತಾನೆ, ಬೂಟಿನವನು ನಿಲ್ಲುತ್ತಾನೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಮುಂಬಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ದೊಡ್ಡ ಪಂದ್ಯಾವಳಿ ನಡೆಯುತ್ತಿತ್ತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಪ್ ಗೋರಾ ಪಲ್ಟನ್ನುಗಳ ಕೈ ಬಿಟ್ಟು ಹೋಗಲಿಲ್ಲ. ಅದನ್ನು ಮೊದಲು ಗೆದ್ದ ಭಾರತೀಯ ತಂಡ ಯಾವುದು ಗೊತ್ತೇ? ಮೋಹನ್ ಬಾಗಾನ್ ಅಲ್ಲ, ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್ ಕೂಡ ಅಲ್ಲ. 1937ರಲ್ಲಿ ನಮ್ಮ ‘ಬೆಂಗಳೂರು ಮುಸ್ಲಿಮ್ಸ್’! ಫೈನಲ್‌ನಲ್ಲಿ ಸೋತದ್ದು ಅದೇ ಮೊಹಮ್ಮದನ್ ಸ್ಪೋರ್ಟಿಂಗ್, ಆಗ ದೇಶದಲ್ಲೇ ಹೆಸರಾಂತ ತಂಡ. ಮರುವರ್ಷ 1938ರಲ್ಲೂ ಬೆಂಗಳೂರು ಮುಸ್ಲಿಮ್ಸ್ ಕಪ್ಪನ್ನು ಉಳಿಸಿಕೊಂಡಿತು. 1940ರಲ್ಲಿ ಮತ್ತೆ ಫೈನಲ್ ತಲುಪಿ ಮೊಹಮ್ಮದನ್ ಸ್ಪೋರ್ಟಿಂಗ್‌ಗೆ ಸೋತಿತು. ಬಾಲಕ ಅಹ್ಮದ್ ಬೆಳೆದದ್ದು ಈ ವರ್ಷಗಳಲ್ಲಿ. ಮೊದಲ ಗೆಲುವಿನ ವರ್ಷ ಅವನಿಗೆ ಹತ್ತು ವಯಸ್ಸು.

ಮೊಹಮ್ಮದನ್ ಸ್ಪೋರ್ಟಿಂಗ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾಗದು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಆ ಲೀಗನ್ನು ಒಮ್ಮೆಯೂ ಗೆದ್ದಿರಲಿಲ್ಲ. ಅವರ ಯಶಸ್ಸಿಗೆ ಎರಡು ಕಾರಣ. ಮಳೆಗಾಲದ ಕೆಸರಿನಲ್ಲಿ ಬೂಟು ಹಾಕಿ ಆಡುವುದನ್ನು ಕಲಿತದ್ದು ಒಂದು. ಇನ್ನೊಂದು, ಕಲ್ಕತ್ತೆಯವರೇ ಆಗಬೇಕೆಂದು ಹಟ ಹಿಡಿಯದೆ ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಕರೆತಂದದ್ದು. ಬೆಂಗಳೂರಿನಿಂದಲೂ ಹುಡುಗರು ಹೋದರು. ರೈಲಿನಲ್ಲಿ ಎರಡು ದಿನಕ್ಕೂ ಮೀರಿದ ಪ್ರಯಾಣ, ತಿಳಿಯದ ಭಾಷೆ, ಒಗ್ಗದ ಊಟ. ಕಸುಬು ಹುಡುಕಿಕೊಂಡು ಹೋಗುವವನು ಇವನ್ನೆಲ್ಲ ಲೆಕ್ಕಿಸುತ್ತಾನೆಯೇ?

ಆ ತಂಡದಲ್ಲೇ ಮೊಹಮ್ಮದ್ ಸಲೀಂ ಎಂಬವರಿದ್ದರು. ಕಲ್ಕತ್ತೆಯ ಮೇಟಿಯಾಬುರುಜ್ ಎಂಬ ಭಾಗದ ಸಾಧಾರಣ ಕುಟುಂಬದವರು. ಗ್ಲಾಸ್ಗೊದಲ್ಲಿ ನೆಲೆಸಿದ್ದ ಬಂಧುವೊಬ್ಬರ ಒತ್ತಾಯದಿಂದ 1936ರಲ್ಲಿ ಹಡಗು ಹತ್ತಿ ಅಲ್ಲಿಗೆ ಹೋಗಿ, ಪ್ರಸಿದ್ಧ ಸೆಲ್ಟಿಕ್ ತಂಡದ ಮ್ಯಾನೇಜರ್ ವಿಲ್ಲಿ ಮೇಲಿ ಎದುರು ನಿಂತರು. ಬರಿಗಾಲಿನಲ್ಲಿ ಆಡುವವನಂತೆ ಎಂದು ಕೇಳಿ ಮೇಲಿಗೆ ನಗು ಬಂತಂತೆ. ಪರೀಕ್ಷೆ ಮಾಡಿ ನೋಡಿದ ಮೇಲೆ ನಗು ನಿಂತಿತು. ಸೆಲ್ಟಿಕ್ಕಿನ ಎರಡನೆಯ ತಂಡದ ಪರ ಸಲೀಂ ಎರಡು ಪಂದ್ಯ ಆಡಿದರು, ಎರಡನ್ನೂ ಸೆಲ್ಟಿಕ್ ಭಾರೀ ಅಂತರದಿಂದ ಗೆದ್ದಿತು. ಪತ್ರಿಕೆಗಳು ಅವರನ್ನು ಹಿಂದೂಸ್ತಾನದ ಕೈಚಳಕದವನಿಗೆ ಹೋಲಿಸಿ ಬರೆದವು. ಆ ತಂಡದ ಹಿರಿಯ ಜಿಮ್ಮಿ ಮೆಕ್‌ಮೆನಮಿ ನೆಲದಲ್ಲಿ ಮಂಡಿಯೂರಿ ಸಲೀಂರ ಪಾದಕ್ಕೆ ಪಟ್ಟಿ ಸುತ್ತುತ್ತಿರುವ ಛಾಯಾಚಿತ್ರ ಇಂದಿಗೂ ಉಳಿದಿದೆ. ನಮ್ಮ ದೇಶ ಇನ್ನೂ ಗುಲಾಮಗಿರಿಯಲ್ಲಿದ್ದ ಕಾಲದ ಚಿತ್ರ ಅದು ಎಂಬುದನ್ನು ಯೋಚಿಸಿ ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಯುರೋಪಿನ ಕ್ಲಬ್ಬಿಗೆ ಆಡಿದ ಮೊದಲ ಭಾರತೀಯ ಸಲೀಂ. ಇನ್ನೂ ಒಂದು ವಿಷಯ. ಸೆಲ್ಟಿಕ್ ಕ್ಲಬ್ ಹುಟ್ಟಿದ್ದು ಗ್ಲಾಸ್ಗೊದ ಬಡ ಐರಿಷ್ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸಬೇಕೆಂದು, ವಾಲ್‌ಫ್ರಿಡ್ ಎಂಬ ಕ್ರೈಸ್ತ ಶಿಕ್ಷಕ ಸಹೋದರರಿಂದ. ಸಂಘ ಕಟ್ಟುವ ಕೆಲಸದಲ್ಲಿರುವ ನಾವು ಇದನ್ನು ಗಮನಿಸಬಹುದು.

ಸಲೀಂಗೆ ಊರಿನ ನೆನಪು ಕಾಡಿತು. ಹಿಂದಿರುಗಿ ಬಂದರು, ಮತ್ತೆ ಮೊಹಮ್ಮದನ್‌ಗೆ ಆಡಿದರು, 1980ರಲ್ಲಿ ತೀರಿಕೊಂಡರು. ಅವರು ಕಾಯಿಲೆಯಲ್ಲಿದ್ದಾಗ ಮಗ ರಶೀದ್ ಸೆಲ್ಟಿಕ್ಕಿಗೆ ಒಂದು ಪತ್ರ ಬರೆದರು. ಹಣ ಕೇಳುವುದಕ್ಕಲ್ಲ, ತಂದೆಯ ನೆನಪು ಅವರಿಗೆ ಇದೆಯೇ ಎಂದು ತಿಳಿಯಲು. ಉತ್ತರದ ಜೊತೆಗೆ ನೂರು ಪೌಂಡಿನ ಬ್ಯಾಂಕ್ ಡ್ರಾಫ್ಟ್ ಬಂತು. ಮಗ ಅದನ್ನು ನಗದು ಮಾಡಿಸದೆ ಹಾಗೆಯೇ ಇಟ್ಟುಕೊಂಡರು.

ಈಗ ಬೆಂಗಳೂರಿಗೆ ಮರಳೋಣ. ಅಹ್ಮದ್ ಖಾನ್ ಸಾಹೇಬರ ಮನೆಯಲ್ಲಿ ತಂದೆಯೂ ಆಟಗಾರರು, ಸೋದರರೂ ಆಟಗಾರರು. ಬಡಗಿಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಉಳಿ, ಬಾಚಿಗಳು ಆಟಿಕೆಯಾಗುವಂತೆ ಈ ಮನೆಯಲ್ಲಿ ಚೆಂಡು. ಕಸುಬುದಾರರ ಕುಟುಂಬ ಎಂದು ಬೇರೆ ಯಾವುದನ್ನು ಕರೆಯಬೇಕು? ಬಾಲ್ಯದಲ್ಲೇ ‘ಬೆಂಗಳೂರು ಕ್ರೆಸೆಂಟ್ಸ್’ ಸೇರಿ, ನಂತರ ಬೆಂಗಳೂರು ಮುಸ್ಲಿಮ್ಸ್‌ಗೆ ಆಡಿದರು. ಮೈದಾನದಲ್ಲಿ ಅವರ ಜಾಗ ಎಡಗಡೆಯ ಒಳ ಮುನ್ಪಡೆ. ಓಟದಲ್ಲಿ ಅಬ್ಬರವಿಲ್ಲ, ಒದೆತದಲ್ಲಿ ಅಬ್ಬರವಿಲ್ಲ. ಚೆಂಡು ಕಾಲಿಗೆ ಅಂಟಿದಂತೆ ಇರುತ್ತಿತ್ತು. ಹಾವಾಡಿಗನಿಗೆ ಹಾವು ತಲೆದೂಗುವಂತೆ ಎದುರಾಳಿಗಳು ಅವರ ಮೈಯ ಬಳುಕಿಗೆ ಅತ್ತಿತ್ತ ತೂಗಾಡುತ್ತಿದ್ದರೆಂದು ಜನ ಅವರಿಗೆ ‘ಹಾವಾಡಿಗ’ ಎಂದೇ ಹೆಸರಿಟ್ಟಿದ್ದರು.

ಅಂದಿನ ಮೈಸೂರು ರಾಜ್ಯದ ಕಾಲ್ಚೆಂಡು ಎಷ್ಟು ಬಲವಾಗಿತ್ತೆಂದರೆ, 1946ರ ಸಂತೋಷ್ ಟ್ರೋಫಿಯ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿ ಮೈಸೂರು ಚಾಂಪಿಯನ್ ಆಯಿತು. ಹೀಗಾಗಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡದಲ್ಲಿ ನಮ್ಮವರು ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. 1948ರ ಜುಲೈ 31ರಂದು ಲಂಡನ್ ಹತ್ತಿರದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ನಾಯಕರು ನಾಗಾ ಬೆಟ್ಟಗಳಿಂದ ಬಂದ ವೈದ್ಯ ಟಿ. ಆವೊ. ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಿನವರು, ಅಹ್ಮದ್ ಖಾನರೂ ಸೇರಿ. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಮೈಸೂರಿನವರೇ ಆದ ಸಾರಂಗಪಾಣಿ ರಾಮನ್ ಸರಿಗಟ್ಟಿದರು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. ಕೊನೆಯ ಘಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಲಂಡನ್ನಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ಪ್ರವಾಸದಲ್ಲಿ ಹಾಲೆಂಡಿಗೆ ಹೋದ ಈ ತಂಡ ಅಲ್ಲಿನ ಅಯಾಕ್ಸ್ ತಂಡವನ್ನು 5–1ರಿಂದ ಸೋಲಿಸಿತು. ಈಗ ಟೀವಿಯಲ್ಲಿ ಯುರೋಪಿನ ಪಂದ್ಯಗಳನ್ನು ನೋಡುವ ನಮ್ಮ ಹುಡುಗರು ಈ ಅಂಕೆಯನ್ನು ಎರಡು ಸಲ ಓದಬೇಕು.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿ ರೋವರ್ಸ್ ಕಪ್ ಗೆದ್ದಿತು. ಈ ಸಲ ಅಹ್ಮದ್ ಖಾನ್ ತಂಡದಲ್ಲಿದ್ದರು. ಕಲ್ಕತ್ತೆಯಿಂದ ಕರೆ ಬಂತು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈಸ್ಟ್ ಬೆಂಗಾಲ್ ಎಂಬ ಕ್ಲಬ್ಬು 1920ರಲ್ಲಿ ಹುಟ್ಟಿದ್ದು ಪೂರ್ವ ಬಂಗಾಳದಿಂದ ಕಲ್ಕತ್ತೆಗೆ ಬಂದವರ ತಂಡವಾಗಿ. 1947ರಲ್ಲಿ ದೇಶ ಒಡೆದಾಗ ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಮನೆ, ಹೊಲ, ಬಂಧುಗಳನ್ನು ಕಳೆದುಕೊಂಡ ಲಕ್ಷಗಟ್ಟಲೆ ಹಿಂದೂ ನಿರಾಶ್ರಿತರು ಕಲ್ಕತ್ತೆಗೆ ಬಂದು ಬಿದ್ದರು. ಅವರಿಗೆ ಉಳಿದಿದ್ದ ಊರೆಂದರೆ ಈ ಕ್ಲಬ್ಬಿನ ಹೆಸರು ಮಾತ್ರ. 1946ರ ಹತ್ಯಾಕಾಂಡ ಜನರ ಕಣ್ಣಿಂದ ಮರೆಯಾಗಿರಲಿಲ್ಲ, 1950ರಲ್ಲಿ ನಗರದಲ್ಲಿ ಮತ್ತೆ ಗಲಭೆಗಳಾದವು. ಅಂಥ ಕಾಲದಲ್ಲಿ, ಅಂಥ ಕ್ಲಬ್ಬಿಗೆ, ಬೆಂಗಳೂರಿನಿಂದ ಇಪ್ಪತ್ತೆರಡು ವಯಸ್ಸಿನ ಮುಸ್ಲಿಂ ಯುವಕ ಹೋಗಿ ಸೇರಿದ. ಆ ನಿರಾಶ್ರಿತರೇ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ಅವರು ಕಲೆಹಾಕಿದ ಮುನ್ಪಡೆಯಲ್ಲಿ ಐವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಐವರೂ ದಕ್ಷಿಣ ಭಾರತದವರು, ಒಬ್ಬರೂ ಬಂಗಾಳಿಯಲ್ಲ. ಅಭಿಮಾನಿಗಳು ಈ ಐವರಿಗೆ ಕೊಟ್ಟ ಹೆಸರು ‘ಪಂಚ ಪಾಂಡವರು’. ಪಾಂಡವರ ಪೈಕಿ ಇಬ್ಬರು ಮುಸ್ಲಿಮರು! ಮಹಾಭಾರತವನ್ನು ಕುಮಾರವ್ಯಾಸನ ಕನ್ನಡದಲ್ಲಿ ಪಾಠ ಮಾಡುವಾಗ ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳುವುದುಂಟು. ಮಕ್ಕಳು ನಗುತ್ತಾರೆ, ಆಮೇಲೆ ಅರ್ಜುನ ಯಾರು ಸರ್, ಭೀಮ ಯಾರು ಸರ್ ಎಂದು ಕೇಳುತ್ತಾರೆ.

ಈ ಐವರ ಕಾಲದಲ್ಲಿ ಈಸ್ಟ್ ಬೆಂಗಾಲ್ ಪಡೆದ ಪ್ರಶಸ್ತಿಗಳ ಪಟ್ಟಿ ಉದ್ದವಾದದ್ದು. 1949ರ ಒಂದೇ ವರ್ಷದಲ್ಲಿ ಕಲ್ಕತ್ತಾ ಲೀಗ್, ಐ.ಎಫ್‌.ಎ. ಷೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. 1949, 1950, 1951ರಲ್ಲಿ ಷೀಲ್ಡ್ ಸತತವಾಗಿ ಅವರದೇ. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್. 1953ರಲ್ಲಿ ತಂಡ ರುಮೇನಿಯಾ, ಸೋವಿಯತ್ ರಷ್ಯಾಗಳಿಗೆ ಹೋಗಿ ಬಂದಿತು. ಮುಂದೆ ಅಹ್ಮದ್ ಖಾನ್ ಆ ಕ್ಲಬ್ಬಿನ ನಾಯಕರೂ ಆದರು.

ನಡುವೆ 1951ರ ಮಾರ್ಚ್‌ನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ. ಇಂಡೋನೇಷ್ಯಾವನ್ನೂ ಅಫ್ಘಾನಿಸ್ತಾನವನ್ನೂ ಮೂರು ಮೂರು ಗೋಲುಗಳಿಂದ ಸೋಲಿಸಿ, ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಭಾರತ ಚಿನ್ನ ಗೆದ್ದಿತು. ಪಂಡಿತ ನೆಹರೂ ಅವರು ಕ್ರೀಡಾಂಗಣದಲ್ಲಿ ಕುಳಿತು ನೋಡಿದರು. ಆ ತಂಡಕ್ಕೆ ತರಬೇತಿ ಕೊಟ್ಟವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ವೃತ್ತಿಯಿಂದ ಶಾಲಾ ಮಾಸ್ತರರು! ಮುಂದೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ ತಂದವರೂ, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಎರಡನೆಯ ಚಿನ್ನ ಗೆಲ್ಲಿಸಿದವರೂ ಅವರೇ. ಮರುವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೆಲ್ಬರ್ನ್ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

1952ರ ಜುಲೈ 15. ಹೆಲ್ಸಿಂಕಿ. ಎದುರಾಳಿ ಯುಗೊಸ್ಲಾವಿಯಾ. ಚಳಿ, ಒದ್ದೆ ನೆಲ, ಬೂಟು ಹಾಕಿದ ದಷ್ಟಪುಷ್ಟ ಆಳುಗಳು. ನಮ್ಮವರಲ್ಲಿ ಅನೇಕರು ಆಗಲೂ ಬರಿಗಾಲಿನವರು. ನಮ್ಮಲ್ಲಿ ಆಗ ಪಂದ್ಯಗಳು ತೊಂಬತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವು, ಪೂರ್ತಿ ತೊಂಬತ್ತು ನಿಮಿಷ ಓಡುವ ಅಭ್ಯಾಸವೂ ಇರಲಿಲ್ಲ. ಒಂದರ ಮೇಲೊಂದರಂತೆ ಹತ್ತು ಗೋಲುಗಳು ಬಿದ್ದವು. ಹತ್ತು! ಇನ್ನೊಂದು ನಿಮಿಷದಲ್ಲಿ ಪಂದ್ಯ ಮುಗಿಯಬೇಕು. 89ನೇ ನಿಮಿಷದಲ್ಲಿ ಅಹ್ಮದ್ ಖಾನ್ ಒಂದು ಗೋಲು ಹೊಡೆದರು. 10–1.

ಈ ಗೋಲಿನಿಂದ ಏನೂ ಬದಲಾಗಲಿಲ್ಲ. ಭಾರತ ಹೊರಬಿತ್ತು, ಯುಗೊಸ್ಲಾವಿಯಾ ಫೈನಲ್‌ವರೆಗೆ ಹೋಗಿ ಹಂಗೇರಿಗೆ ಸೋತು ಬೆಳ್ಳಿ ಪಡೆಯಿತು. ಈ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಆದರೂ ಅಹ್ಮದ್ ಖಾನ್ ಸಾಹೇಬರ ಎಲ್ಲ ಕಪ್ಪು, ಷೀಲ್ಡುಗಳಿಗಿಂತ ನನಗೆ ಈ ಒಂದು ಗೋಲು ದೊಡ್ಡದಾಗಿ ಕಾಣುತ್ತದೆ. ಒಂಬತ್ತು ಗೋಲು ಹಿಂದಿರುವಾಗಲೂ, ಹತ್ತು ಗೋಲು ಹಿಂದಿರುವಾಗಲೂ, ಗೆಲ್ಲುವ ಆಸೆಯೇ ಇಲ್ಲದ ಘಳಿಗೆಯಲ್ಲೂ ಚೆಂಡನ್ನು ಬಿಡದೆ ಹಿಡಿದು ಹೋಗುವುದು ಹವ್ಯಾಸಕ್ಕೆ ಆಡುವವನ ಸ್ವಭಾವವಲ್ಲ. ಅಂಗಡಿಗೆ ಗಿರಾಕಿ ಬಾರದ ದಿನವೂ ಬಟ್ಟೆಯ ಅಂಚನ್ನು ನೇರವಾಗಿಯೇ ಹೊಲಿಯುವ ದರ್ಜಿಯ ಸ್ವಭಾವ ಅದು.

ಆದರೆ ಕಾಗದದ ಮೇಲೆ ಅವರು ಕಸುಬುದಾರರಲ್ಲ. ಆಗಿನ ಒಲಿಂಪಿಕ್ಸ್‌ನಲ್ಲಿ ಆಡಬೇಕಾದರೆ ಆಟಗಾರ ‘ಹವ್ಯಾಸಿ’ಯೇ ಆಗಿರಬೇಕಿತ್ತು. ನಮ್ಮ ದೇಶದ ಕಾಲ್ಚೆಂಡು ಕೂಡ ನಿಯಮದ ಪ್ರಕಾರ ಹವ್ಯಾಸಿಗಳದೇ. ವರ್ಷವಿಡೀ ಆಡುತ್ತಾರೆ, ಊರು ಬಿಟ್ಟು ಬಂದಿದ್ದಾರೆ, ಟಿಕೆಟ್ಟಿಗೆ ಜನ ಮೈಲುದ್ದ ಸಾಲು ನಿಲ್ಲುತ್ತಾರೆ, ಆದರೆ ಆಟಗಾರನಿಗೆ ಸಂಬಳ ಎಂಬ ಹೆಸರಿನಲ್ಲಿ ಏನೂ ಇಲ್ಲ. ಕ್ಲಬ್ಬು ವಸತಿ, ಊಟ ನೋಡಿಕೊಳ್ಳುವುದು, ಒಂದು ಕೆಲಸ ಕೊಡಿಸುವುದು, ಖರ್ಚಿಗೆಂದು ಕೈಗೆ ಒಂದಿಷ್ಟು ಕೊಡುವುದು, ಇದು ಅಂದಿನ ವ್ಯವಸ್ಥೆ. ಕರಾರು ಪತ್ರವಿಲ್ಲ, ಗಾಯವಾದರೆ ಪರಿಹಾರವಿಲ್ಲ, ಕಾಲು ಸೋತ ಮೇಲೆ ಪಿಂಚಣಿಯ ಮಾತೇ ಇಲ್ಲ. ಹವ್ಯಾಸಿ ಎಂಬ ಗೌರವದ ಬಿರುದು ಸಿರಿವಂತನಿಗೆ ಅಲಂಕಾರ, ಕಸುಬುದಾರನಿಗೆ ನಷ್ಟ. ಕಲ್ಲುಕುಟಿಗ ಸೂಟರ್ 1878ರಲ್ಲಿ ಕದ್ದುಮುಚ್ಚಿ ಮಾಡಬೇಕಾದದ್ದನ್ನೇ ನಮ್ಮ ಆಟಗಾರರು 1950ರ ದಶಕದಲ್ಲೂ ಮಾಡಬೇಕಾಗಿತ್ತು.

ಬೆಂಗಳೂರಿನಲ್ಲಿ ಇದಕ್ಕೆ ಒಂದು ಮಟ್ಟಿನ ಪರಿಹಾರ ಕೊಟ್ಟದ್ದು ಸರ್ಕಾರಿ ಕಾರ್ಖಾನೆಗಳು. ಎಚ್‌.ಎ.ಎಲ್‌., ಐ.ಟಿ.ಐ. ಮುಂತಾದವು ಒಳ್ಳೆಯ ಆಟಗಾರರಿಗೆ ಖಾಯಂ ಕೆಲಸ ಕೊಟ್ಟು ತಂಡ ಕಟ್ಟಿದವು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಮೈದಾನ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆಯ ಎಷ್ಟೋ ಮನೆಗಳಲ್ಲಿ ಚೆಂಡಿನಿಂದ ಒಲೆ ಉರಿಯಿತು, ಮಕ್ಕಳು ಓದಿದರು. 1967 ಮತ್ತು 1968ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ಸತತ ಎರಡು ಬಾರಿ ಗೆದ್ದದ್ದು ಈ ವ್ಯವಸ್ಥೆಯ ಉಚ್ಛ್ರಾಯದ ಕಾಲದಲ್ಲೇ. ಮಗ ಆಟ ಆಟ ಎನ್ನುತ್ತಾನೆ, ಓದು ಬಿಟ್ಟುಬಿಡುತ್ತಾನೇನೋ ಎಂದು ನಮ್ಮ ಪೋಷಕರು ಸಭೆಗಳಲ್ಲಿ ಕೇಳುತ್ತಾರೆ. ಅವರ ಭಯಕ್ಕೆ ಕಾರಣವಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಎಸ್‌.ಎಸ್‌.ಎಲ್‌.ಸಿ. ಪಾಸಾಗದೆ ಕೇವಲ ಕಾಲನ್ನು ನಂಬಿ ಎಂದು ಯಾವ ಮಗುವಿಗೂ ಹೇಳಲಾರೆ. ಆದರೆ ಸಂಜೆ ಒಂದು ಗಂಟೆ ಆಡುವ ಹುಡುಗನನ್ನು ‘ಕೆಲಸಕ್ಕೆ ಬಾರದವನು’ ಎಂದು ಬೈಯುವ ಮುನ್ನ ‘ಕೆಲಸ’ ಎಂಬುದರ ಅರ್ಥವನ್ನು ನಾವೂ ಸ್ವಲ್ಪ ಯೋಚಿಸಬೇಕು.

ಅಹ್ಮದ್ ಖಾನ್ 1959ರವರೆಗೆ ಈಸ್ಟ್ ಬೆಂಗಾಲ್‌ನಲ್ಲಿ ಆಡಿದರು. ಅರ್ಜುನ ಪ್ರಶಸ್ತಿ ಸ್ಥಾಪನೆಯಾದದ್ದು 1961ರಲ್ಲಿ, ಅಷ್ಟರಲ್ಲಿ ಅವರ ಕಾಲ ಮುಗಿದಿತ್ತು. ದೇಶಕ್ಕೆಲ್ಲ ಒಂದಾದ ರಾಷ್ಟ್ರೀಯ ಲೀಗ್ ಶುರುವಾದದ್ದು 1996ರಲ್ಲಿ, ಆಗ ಅವರಿಗೆ ಎಪ್ಪತ್ತರ ಹತ್ತಿರ. ಕರಾರು ಪತ್ರಕ್ಕೆ ಸಹಿ ಹಾಕಿ, ನಿಗದಿಯಾದ ಸಂಬಳಕ್ಕೆ ರಾಜಾರೋಷವಾಗಿ ಆಡುವ ಆಟಗಾರರು ನಮ್ಮಲ್ಲಿ ತಲೆಯೆತ್ತಿದ್ದು ಆ ಸುಮಾರಿನಲ್ಲೇ. 2013ರಲ್ಲಿ ಬೆಂಗಳೂರಿನಲ್ಲೇ ಪೂರ್ಣ ವೃತ್ತಿಪರ ಕ್ಲಬ್ಬು ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ದಂಡಿನ ಮೈದಾನದಲ್ಲಿ ಪಟ್ಟಿ ಸುತ್ತಿಕೊಂಡು ಆಡಿದ ಹುಡುಗ ಅದನ್ನೂ ಕಾಣುವಷ್ಟು ಕಾಲ ಬದುಕಿದ್ದರು. ಬೆಂಗಳೂರು ಮುಸ್ಲಿಮ್ಸ್ ಹೆಸರು ಮಾತ್ರ ಅಷ್ಟರಲ್ಲಿ ಜನರ ಬಾಯಿಂದ ಮರೆಯಾಗುತ್ತ ಬಂದಿತ್ತು.

ಅವರು ತೀರಿಕೊಂಡ ಆರನೆಯ ವರ್ಷ, 2023ರ ಮಾರ್ಚ್ 4ರಂದು, ಸಂತೋಷ್ ಟ್ರೋಫಿಯ ಫೈನಲ್ ಮೊದಲ ಬಾರಿಗೆ ಭಾರತದ ಹೊರಗೆ ನಡೆಯಿತು. ಸ್ಥಳ ಸೌದಿ ಅರೇಬಿಯಾದ ರಿಯಾದ್. ನಮ್ಮ ನಾಲ್ಕೂ ತಾಲ್ಲೂಕುಗಳ ಎಷ್ಟೋ ಮನೆಗಳಿಂದ ಡ್ರೈವರ್, ಎಲೆಕ್ಟ್ರಿಷಿಯನ್, ಎ.ಸಿ. ಮೆಕ್ಯಾನಿಕ್ ಕೆಲಸಕ್ಕೆ ಹೋದವರು ಇರುವ ನಾಡು ಅದು. ಕರ್ನಾಟಕ 3–2ರಿಂದ ಮೇಘಾಲಯವನ್ನು ಸೋಲಿಸಿತು. ಐವತ್ತನಾಲ್ಕು ವರ್ಷಗಳ ನಂತರ ಕಪ್ಪು ನಮ್ಮ ರಾಜ್ಯಕ್ಕೆ ಬಂತು.